ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಮುದಾಯ ಕಾಲೇಜು ಹುಟ್ಟಿದ್ದು ಹೈಸ್ಕೂಲಿನ ಮಡಿಲಲ್ಲೇ. ಹೈಸ್ಕೂಲು ಮುಗಿಸಿದವರಿಗೆ ಕಾಲೇಜು ಮಟ್ಟದ ಪಾಠ ಹೇಳಲು 1907ರ ಕಾನೂನು ಅನುಮತಿ ಕೊಟ್ಟಿತು. ಹಣ ಮಾತ್ರ ಕೊಡಲಿಲ್ಲ. 1910ರಲ್ಲಿ ಮೊದಲು ಮುಂದೆ ಬಂದದ್ದು ಫ್ರೆಸ್ನೊ. ದ್ರಾಕ್ಷಿ ತೋಟಗಳ ಆ ಸೀಮೆಯಿಂದ ಬರ್ಕ್ಲಿಯ ವಿಶ್ವವಿದ್ಯಾಲಯ ಸುಮಾರು 280 ಕಿ.ಮೀ. ದೂರ. ಅಲ್ಲಿಗೆ ಮಕ್ಕಳನ್ನು ಕಳಿಸಿ ಓದಿಸುವ ತಾಕತ್ತು ಎಲ್ಲರಿಗೂ ಇರಲಿಲ್ಲ. 1917ರಲ್ಲಿ ಸರ್ಕಾರದ ನೆರವು ಸಿಕ್ಕಿತು; 1921ರ ಕಾನೂನು ಪ್ರತ್ಯೇಕ ಕಾಲೇಜು ಜಿಲ್ಲೆಗಳಿಗೆ ದಾರಿ ಮಾಡಿತು.

ನಿಜವಾದ ತಿರುವು ರಾಜ್ಯದ ಉನ್ನತ ಶಿಕ್ಷಣಕ್ಕಾಗಿ 1960ರಲ್ಲಿ ಬಂದ ಮಾಸ್ಟರ್ ಪ್ಲ್ಯಾನ್. ಅದರ ಪ್ರಕಾರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೈಸ್ಕೂಲು ಪಾಸಾದವರಲ್ಲಿ ಮೇಲಿನ ಎಂಟನೇ ಒಂದು ಭಾಗ, ರಾಜ್ಯ ಕಾಲೇಜುಗಳಿಗೆ ಮೇಲಿನ ಮೂರನೇ ಒಂದು ಭಾಗ. ಕಿರಿಯ ಕಾಲೇಜುಗಳ (ಸಮುದಾಯ ಕಾಲೇಜುಗಳ ಅಂದಿನ ಹೆಸರು) ಬಾಗಿಲು ಮಾತ್ರ ಕಲಿಯಬಲ್ಲ ಎಲ್ಲರಿಗೂ ತೆರೆದಿತ್ತು. ಇಲ್ಲಿ ಎರಡು ವರ್ಷ ಓದಿದವರು ಮೂರನೇ ವರ್ಷಕ್ಕೆ ನೇರವಾಗಿ ವಿಶ್ವವಿದ್ಯಾಲಯ ಸೇರಬಹುದಿತ್ತು. ಯೋಜನೆಯ ಜಾಣತನ ಇದ್ದದ್ದೇ ಇಲ್ಲಿ. 1967ರಲ್ಲಿ ಈ ಕಾಲೇಜುಗಳಿಗೆ ರಾಜ್ಯಮಟ್ಟದ ಆಡಳಿತ ಮಂಡಳಿ ರಚನೆಯಾಯಿತು.

1978ರಲ್ಲಿ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದರು. ಕಾಲೇಜುಗಳಿಗೆ ಆ ತೆರಿಗೆಯಿಂದ ಬರುತ್ತಿದ್ದ ಸ್ಥಳೀಯ ವರಮಾನ ಕುಸಿದು, ಕಾಲೇಜುಗಳು ರಾಜ್ಯದ ಬೊಕ್ಕಸದತ್ತ ಕೈಚಾಚಬೇಕಾಯಿತು. ಅಲ್ಲಿಯವರೆಗೆ ಬೋಧನಾ ಶುಲ್ಕವಿಲ್ಲದೆ ನಡೆದ ವ್ಯವಸ್ಥೆಯಲ್ಲಿ 1984ರಿಂದ ಪಾಠದ ಒಂದು ಕ್ರೆಡಿಟ್ ಯೂನಿಟ್‌ಗೆ 5 ಡಾಲರ್ ಶುಲ್ಕ ಬಂತು. ಈಗ 73 ಕಾಲೇಜು ಜಿಲ್ಲೆಗಳಲ್ಲಿ 116 ಕಾಲೇಜುಗಳಿವೆ.