ಮದ್ದಿಗೆ ಮಣಿಯದ ರೋಗಾಣುಗಳು

ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವುದು ಅರಸರು, ಕೋಟೆಗಳು ಮತ್ತು ಕದನಗಳು. ಗದ್ವಾಲದ ಕೋಟೆಯನ್ನು ನೋಡಿ ಬೆಳೆದ ಬಾಲಕರಿಗೆ ಇದು ಸಹಜವೇ ಸರಿ. ಆದರೆ ಕಣ್ಣಿಗೆ ಕಾಣದ ಜೀವಿಗಳಿಗೂ ಒಂದು ಚರಿತ್ರೆಯುಂಟು, ಅದರಲ್ಲಿಯೂ ಜಯಾಪಜಯಗಳುಂಟು. ನಮ್ಮ ಅನ್ನ ನೀರಿನೊಡನೆ ಒಡಲನ್ನು ಸೇರುವ ರೋಗಾಣುಗಳು ಮನುಷ್ಯನ ಮದ್ದುಗಳನ್ನು ಒಂದೊಂದಾಗಿ ಹೇಗೆ ಸೋಲಿಸುತ್ತ ಬಂದವೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಮ್ಮದು ಗಡಿಯ ನಾಡು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರ ಪ್ರದೇಶವನ್ನು ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಹುಟ್ಟಿದವು. ಭೂಪಟದ ಗೆರೆಗಳು ಹೀಗೆ ಹಲವು ಸಲ ಬದಲಾದರೂ ಭೀಮೆಯು ಕೃಷ್ಣೆಯನ್ನು ಕೂಡುವುದು ನಿಂತಿಲ್ಲ. ಮಕ್ತಲದ ಸಂತೆಗೂ ರಾಯಚೂರಿನ ಪೇಟೆಗೂ ಜನ ಹೋಗಿಬರುವುದು ತಪ್ಪಿಲ್ಲ. ನೀರಿಗೆ, ಕಾಳಿಗೆ, ತತ್ತಿಗೆ ಇಲ್ಲದ ಗಡಿ ರೋಗಾಣುವಿಗೆ ಎಲ್ಲಿಂದ ಬರಬೇಕು?

ಮೊದಲು ವಿಷಮಶೀತಜ್ವರದ ಕಥೆಯನ್ನು ತೆಗೆದುಕೊಳ್ಳೋಣ. ಜನರು ಇದನ್ನೇ ಟೈಫಾಯಿಡ್ ಎನ್ನುವರು. ಇದರ ರೋಗಾಣು ಸಾಲ್ಮೊನೆಲ್ಲ ಕುಲಕ್ಕೆ ಸೇರಿದುದು. ರೋಗಿಯ ಮಲದಿಂದ ನೀರಿಗೆ, ನೀರಿನಿಂದ ಅನ್ನಕ್ಕೆ, ಅನ್ನದಿಂದ ಮತ್ತೊಬ್ಬರ ಕರುಳಿಗೆ ಅದರ ಪಯಣ. ಮದ್ದಿಲ್ಲದ ಕಾಲದಲ್ಲಿ ಈ ಜ್ವರ ಬಂದವರಲ್ಲಿ ಹತ್ತಕ್ಕೆ ಒಬ್ಬರೋ ಇಬ್ಬರೋ ಸಾಯುತ್ತಿದ್ದರು. 1947ರಲ್ಲಿ ವೆನೆಜುವೆಲ ದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಕ್ಲೋರಾಂಫೆನಿಕಾಲ್ ಎಂಬ ಔಷಧವು ದೊರೆಯಿತು. ಮರುವರ್ಷವೇ ಮಲಯದ ಕ್ವಾಲಾಲಂಪುರದಲ್ಲಿ ಅದನ್ನು ಟೈಫಾಯಿಡ್ ರೋಗಿಗಳಿಗೆ ಕೊಟ್ಟು ನೋಡಿದರು. ವಾರಗಟ್ಟಲೆ ಕಾಡುವ ಜ್ವರ ಕೆಲವೇ ದಿನಗಳಲ್ಲಿ ಇಳಿಯಿತು. ಜನ ಇದನ್ನು ಸಂಜೀವಿನಿಯೆಂದು ತಿಳಿದುದರಲ್ಲಿ ಆಶ್ಚರ್ಯವೇನು?

ಆ ಸಂಭ್ರಮ ಕಾಲು ಶತಮಾನವೂ ನಿಲ್ಲಲಿಲ್ಲ. 1972ರಲ್ಲಿ ಮೆಕ್ಸಿಕೋ ದೇಶದಲ್ಲಿ ಕ್ಲೋರಾಂಫೆನಿಕಾಲಿಗೆ ಬಗ್ಗದ ಟೈಫಾಯಿಡ್ ಹಬ್ಬಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತು. ಅದೇ ವರ್ಷ ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿಯೂ ಅಂತಹ ರೋಗಾಣು ಕಾಣಿಸಿಕೊಂಡಿತು. 1990ರ ಸುಮಾರಿಗೆ ಭಾರತದ ಹಲವೆಡೆ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಈ ಮೂರೂ ಒಟ್ಟಿಗೆ ನಿಷ್ಫಲವಾದವು. ವೈದ್ಯರು ಸಿಪ್ರೊಫ್ಲಾಕ್ಸಸಿನ್ ಎಂಬ ಹೊಸ ಆಯುಧವನ್ನೆತ್ತಿಕೊಂಡರು; ಹತ್ತು ವರ್ಷ ತುಂಬುವುದರೊಳಗೆ ಅದೂ ಮೊಂಡಾಗತೊಡಗಿತು.

ಇದು ಆಗುವುದು ಹೇಗೆ? ಮದ್ದು ತಿಂದು ತಿಂದು ರೋಗಿಯ ಶರೀರವೇ ಅದಕ್ಕೆ ಒಗ್ಗಿಹೋಗುವುದೆಂದು ಅನೇಕರು ಹೇಳುವುದುಂಟು. ಈ ಮಾತು ಸರಿಯಲ್ಲ. ಬದಲಾಗುವುದು ಶರೀರವಲ್ಲ, ರೋಗಾಣುಗಳ ಸಂತತಿ. ಕೋಟ್ಯಂತರ ರೋಗಾಣುಗಳಲ್ಲಿ ಎಲ್ಲೋ ಒಂದೆರಡು, ಆಕಸ್ಮಿಕವಾದ ಮಾರ್ಪಾಟಿನಿಂದ, ಮದ್ದನ್ನು ತಾಳಬಲ್ಲವಾಗಿ ಹುಟ್ಟುತ್ತವೆ. ಮದ್ದನ್ನು ಕಾಣುವ ಮೊದಲೇ ಅವು ಹಾಗೆ ಇರುತ್ತವೆಂಬುದನ್ನು 1952ರಲ್ಲಿ ಅಮೆರಿಕದ ಲೆಡರ್‌ಬರ್ಗ್ ದಂಪತಿಗಳು ಪ್ರಯೋಗದಿಂದ ತೋರಿಸಿದರು. ಮದ್ದು ಬಂದಾಗ ದುರ್ಬಲವಾದವು ಸಾಯುತ್ತವೆ. ತಾಳಿದವು ಉಳಿದು, ತೆರವಾದ ಜಾಗವನ್ನೆಲ್ಲ ತಮ್ಮ ಸಂತಾನದಿಂದ ತುಂಬುತ್ತವೆ. ನಡಿಗಡ್ಡೆಯ ಹತ್ತಿ ಬೆಳೆಗಾರರ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೊದಮೊದಲು ಬಿಟಿ ಹತ್ತಿಗೆ ಹೆದರಿದ ಗುಲಾಬಿ ಕಾಯಿಕೊರಕ ಹುಳು ಈಗ ಅದನ್ನೇ ಮೇಯುತ್ತಿರುವುದು ಇದೇ ನ್ಯಾಯದಿಂದ.

ಉಳಿದುಕೊಂಡ ರೋಗಾಣುವಿನ ಉಪಾಯಗಳು ನಾಲ್ಕು ತೆರ. ಕೆಲವು ಮದ್ದನ್ನು ಕತ್ತರಿಸುವ ಕಿಣ್ವವನ್ನು ಸ್ರವಿಸುತ್ತವೆ. ಪೆನಿಸಿಲಿನ್ನನ್ನು ನಾಶಮಾಡುವ ಇಂತಹ ಕಿಣ್ವವನ್ನು ವಿಜ್ಞಾನಿಗಳು 1940ರಲ್ಲಿಯೇ, ಆ ಮದ್ದು ಲೋಕಕ್ಕೆ ಸಿಗುವ ಮುನ್ನವೇ ಕಂಡಿದ್ದರು. ಕೆಲವು ಒಳಹೊಕ್ಕ ಮದ್ದನ್ನು ಏತ ಹೂಡಿದಂತೆ ಹೊರಕ್ಕೆ ಎತ್ತಿಹಾಕುತ್ತವೆ. ಕೆಲವು ಮದ್ದು ಒಳಬರುವ ಬಾಗಿಲನ್ನೇ ಮುಚ್ಚುತ್ತವೆ. ಇನ್ನು ಕೆಲವು ಮದ್ದಿನ ಪೆಟ್ಟು ಬೀಳುವ ಅಂಗದ ಆಕಾರವನ್ನೇ ಮಾರ್ಪಡಿಸಿಕೊಳ್ಳುತ್ತವೆ.

ಇದಕ್ಕಿಂತಲೂ ವಿಸ್ಮಯಕರವಾದ ಸಂಗತಿಯು ಜಪಾನಿನಲ್ಲಿ ಬೆಳಕಿಗೆ ಬಂದಿತು. ಯುದ್ಧಾನಂತರ ಅಲ್ಲಿ ಆಮಶಂಕೆಯ ರೋಗಾಣುಗಳು ಒಂದೇ ಸಲಕ್ಕೆ ಹಲವು ಮದ್ದುಗಳನ್ನು ಎದುರಿಸತೊಡಗಿದವು. ಅಕಿಬಾ, ಒಚಿಯಾಯ್ ಮೊದಲಾದ ವಿಜ್ಞಾನಿಗಳು 1959ರಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರದಂತಹ ವಂಶವಸ್ತುವಿನ ಮೂಲಕ ಒಂದು ಜಾತಿಯ ರೋಗಾಣು ತನ್ನ ಶಕ್ತಿಯನ್ನು ಬೇರೊಂದು ಜಾತಿಗೂ ದಾನಮಾಡಬಲ್ಲದು. ಕರುಳಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಜೀವಾಣುವೂ, ನಾವು ನಿಷ್ಕಾರಣವಾಗಿ ನುಂಗಿದ ಮಾತ್ರೆಗಳಿಂದ ಈ ಶಕ್ತಿಯನ್ನು ಕೂಡಿಟ್ಟು, ನಾಳೆ ಬರುವ ಶತ್ರುವಿಗೆ ಕೊಡಬಹುದು.

ಇನ್ನು ಕೋಳಿ ದನಗಳ ಪ್ರಸಂಗ. ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕದ ಲೆಡರ್ಲಿ ಸಂಸ್ಥೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಅಲ್ಲಿ ಆರಿಯೋಮೈಸಿನ್ ಎಂಬ ಔಷಧವು ದೊರೆತು, 1948ರಲ್ಲಿ ಪ್ರಕಟವಾಯಿತು. ಸುಬ್ಬರಾಯರು ಅದೇ ವರ್ಷ ತೀರಿಕೊಂಡರು. ಅನಂತರ ಅದೇ ಸಂಸ್ಥೆಯ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಎಂಬವರು, ಆ ಔಷಧದ ತಯಾರಿಕೆಯಲ್ಲಿ ಉಳಿದ ಚರಟವನ್ನು ತಿಂದ ಕೋಳಿಮರಿಗಳು ಬೇಗ ಕೊಬ್ಬುವುದನ್ನು ಕಂಡರು. ಅಲ್ಲಿಂದ ಮುಂದೆ ರೋಗವಿಲ್ಲದ ಪ್ರಾಣಿಗೂ ಮದ್ದು ದಿನದ ಮೇವಾಯಿತು. ಸ್ವಲ್ಪ ಸ್ವಲ್ಪವಾಗಿ, ಬಹುಕಾಲ ಕೊಡುವ ಮದ್ದೇ ರೋಗಾಣುಗಳಿಗೆ ಒಳ್ಳೆಯ ಗರಡಿಮನೆ. ಇಂಗ್ಲೆಂಡಿನ ಕರುಗಳಲ್ಲಿ ಬೆಳೆದ ಮದ್ದಿಗೆ ಮಣಿಯದ ಸಾಲ್ಮೊನೆಲ್ಲ ಮನುಷ್ಯರನ್ನೂ ಸೇರಿದುದನ್ನು ಆಂಡರ್ಸನ್ ಎಂಬ ವಿಜ್ಞಾನಿ ತೋರಿಸಿದ ಮೇಲೆ, 1969ರಲ್ಲಿ ಸ್ವಾನ್ ಸಮಿತಿಯು ಈ ಪದ್ಧತಿಯ ವಿರುದ್ಧ ಎಚ್ಚರಿಸಿತು. ಸ್ವೀಡನ್ 1986ರಲ್ಲಿ, ಯುರೋಪಿನ ಒಕ್ಕೂಟ 2006ರಲ್ಲಿ ಕೊಬ್ಬಿಸಲು ಮದ್ದು ಕೊಡುವುದನ್ನು ನಿಷೇಧಿಸಿದವು. ಕೊನೆಯ ಆಸರೆಯೆನಿಸಿದ ಕೊಲಿಸ್ಟಿನ್ನಿಗೂ ಮಣಿಯದ, ಹಂಚಿಕೊಳ್ಳಬಲ್ಲ ಗುಣವೊಂದು 2015ರಲ್ಲಿ ಚೀನದಲ್ಲಿ ಪತ್ತೆಯಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಆ ಮದ್ದನ್ನು ಕೊಡಕೂಡದೆಂದು ಭಾರತ ಸರಕಾರವು 2019ರ ಜುಲೈಯಲ್ಲಿ ಆಜ್ಞೆ ಹೊರಡಿಸಿತು.

ಎರಡು ಹೈದರಾಬಾದುಗಳ ಕಥೆಯನ್ನು ಹೇಳದೆ ಈ ಚರಿತ್ರೆ ಪೂರ್ತಿಯಾಗದು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ, ಐದು ಬಗೆಯ ಮದ್ದುಗಳಿಗೂ ಜಗ್ಗದ ಟೈಫಾಯಿಡ್ ಎದ್ದಿತು. ಅದರ ರೋಗಾಣು ಹೊಸ ಶಕ್ತಿಯನ್ನು ಒಂದು ಪ್ಲಾಸ್ಮಿಡ್ಡಿನಿಂದ ಪಡೆದಿತ್ತು. ಬಾಯಿಂದ ನುಂಗುವ ಮದ್ದುಗಳಲ್ಲಿ ಅಜಿತ್ರೊಮೈಸಿನ್ ಒಂದೇ ಉಳಿಯಿತು. ಆಗ ಅಲ್ಲಿನ ಮಕ್ಕಳ ನೆರವಿಗೆ ಬಂದುದು ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ತಯಾರಿಸಿದ ಟೈಫಾಯಿಡ್ ಲಸಿಕೆ. ಎರಡು ದೇಶಗಳ ನಡುವಣ ವೈಮನಸ್ಯವು ಈ ಲಸಿಕೆಯನ್ನು ತಡೆಯಲಿಲ್ಲ. ಆದರೆ ನಮ್ಮ ಹೈದರಾಬಾದಿಗೆ ಇನ್ನೊಂದು ಮುಖವೂ ಉಂಟು. ಅದರ ಬಳಿಯ ಪಟಾನ್‌ಚೆರುವಿನಲ್ಲಿ, ಔಷಧ ಕಾರ್ಖಾನೆಗಳ ಹೊಲಸುನೀರನ್ನು ಶುದ್ಧೀಕರಿಸಿ ಬಿಡುವ ಸ್ಥಳದಲ್ಲಿಯೇ ಸಿಪ್ರೊಫ್ಲಾಕ್ಸಸಿನ್ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಔಷಧವನ್ನು ಮಾಡುವ ನಗರವೇ ಅದನ್ನು ನಿಷ್ಫಲಗೊಳಿಸುವ ನೀರನ್ನೂ ಹರಿಸಿತು.

ಆದರೂ ನಿರಾಶೆಗೆ ಕಾರಣವಿಲ್ಲ. ಕ್ಲೋರಾಂಫೆನಿಕಾಲ್ ಬಳಕೆ ಕಡಮೆಯಾದ ಮೇಲೆ ಭಾರತದ ಟೈಫಾಯಿಡ್ ರೋಗಾಣುಗಳಲ್ಲಿ ಬಹುಪಾಲು ಮರಳಿ ಅದಕ್ಕೆ ಮಣಿಯತೊಡಗಿವೆ. ನಾವು ತಡೆದು ಬಳಸಿದರೆ ಮೊಂಡಾದ ಕತ್ತಿಗೂ ಸಾಣೆ ಬರುವುದುಂಟು.

ನಮ್ಮ ಶಾಲೆಗಳಿಗೆ ಈ ಚರಿತ್ರೆ ಏಕೆ ಬೇಕು? 2024ರ ನವೆಂಬರಿನಲ್ಲಿ ನಾರಾಯಣಪೇಟೆ ಜಿಲ್ಲೆಯ ಮಾಗನೂರಿನಲ್ಲಿ ಮಧ್ಯಾಹ್ನದ ಊಟದ ತರುವಾಯ ಶಾಲೆಯ ಮಕ್ಕಳು ಅಸ್ವಸ್ಥರಾದ ಸಂಗತಿಯು ರಾಜ್ಯದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಅನ್ನದ ಶುಚಿ ಕೇವಲ ಅಡುಗೆಯವರ ಮಾತಲ್ಲ. ರೋಗ ಬಾರದಿದ್ದರೆ ಮದ್ದು ಬೇಡ. ಮದ್ದು ಬೇಡವಾದರೆ ಅದನ್ನು ಸೋಲಿಸುವ ರೋಗಾಣು ಬೆಳೆಯದು. ಆದುದರಿಂದ ಸಾಬೂನು, ಕಾಯಿಸಿದ ನೀರು, ಚೆನ್ನಾಗಿ ಬೆಂದ ತತ್ತಿ ಮಾಂಸ, ಮುಚ್ಚಿಟ್ಟ ಪಾತ್ರೆ ಇವೇ ನಮ್ಮ ಮೊದಲ ಕೋಟೆ. ಸಾಮಾನ್ಯ ಭೇದಿಗೆ ಬೇಕಾದುದು ಬಹುತೇಕ ಉಪ್ಪು ಸಕ್ಕರೆಯ ಜೀವಜಲವೇ ಹೊರತು ರೋಗಾಣುನಾಶಕವಲ್ಲ. ನೆಗಡಿಗೆ ಅದು ಏನನ್ನೂ ಮಾಡದು. ವೈದ್ಯರು ಬರೆದುಕೊಟ್ಟಾಗ ಮಾತ್ರ, ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಸೇವಿಸತಕ್ಕದ್ದು. ಮಿಕ್ಕುದನ್ನು ನೆರೆಯವರಿಗೆ ಕೊಡಲಾಗದು.

ಮದ್ದಿನ ಹಾಳೆಯ ಮೇಲೆ ಅಚ್ಚಾಗಿರುವುದು ಇಂಗ್ಲಿಷು. ನಮ್ಮ ಅಂಗಡಿಯಲ್ಲಿ ಅದರ ವಿವರಣೆ ದೊರೆಯುವುದು ತೆಲುಗಿನಲ್ಲಿ. ಮನೆಯ ಮಾತು ಕನ್ನಡವಾದ ತಾಯಂದಿರು ಗುಳಿಗೆಯನ್ನು ಬಣ್ಣದಿಂದ ಗುರುತಿಸುವುದನ್ನು ನಾವು ಬಲ್ಲೆವು. 2016ರಲ್ಲಿ ಕೇಂದ್ರ ಸರಕಾರವು ಒಂದು ಸುಲಭವಾದ ಕುರುಹನ್ನು ಪ್ರಚಾರಕ್ಕೆ ತಂದಿತು: ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಮದ್ದಿನ ಹಾಳೆಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ. ಅದನ್ನು ಓದಲು ಯಾವ ಭಾಷೆಯೂ ಬೇಡ. ಆದರೆ ಅದರ ಅರ್ಥವನ್ನು ಯಾರಾದರೂ ತಾಯ್ನುಡಿಯಲ್ಲಿ ತಿಳಿಸಿಕೊಡಬೇಕು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಪಾಠದಲ್ಲಿ ಬರೆಯಿಸುವ ನಾವು, ಆ ಕೆಂಪು ಗೆರೆಯನ್ನೂ ಕರಿಹಲಗೆಯ ಮೇಲೆ ಎಳೆದು ತೋರಿಸೋಣ. ಮಕ್ಕಳು ಅದನ್ನು ಮನೆಗೆ ಒಯ್ಯುವರು.