ನಗೆಗೆ ಹೊರಟ ಮಗಳು, ಅಂಗಡಿ ಕಾದ ತಾಯಿ

ಅಮೆರಿಕೆಯ ರಂಗಭೂಮಿಯಲ್ಲಿ ವಲಸಿಗರು ಮೊದಲು ನಗೆಪಾಟಲಾದವರು. ನಗಿಸುವ ಅಧಿಕಾರ ಅವರ ಮಕ್ಕಳ ಪಾಲಿಗೆ ಬಂದದ್ದು ಬಹುಮಟ್ಟಿಗೆ ಒಂದು ತಲೆಮಾರು ಕಳೆದ ಮೇಲೆ. ಜೆಸ್ಸಿಕಾ ಕಿಮ್ ಅವರ 'ಸ್ಟ್ಯಾಂಡ್ ಅಪ್, ಯೂಮಿ ಚಂಗ್!' (2020) ಎಂಬ ಕಿಶೋರ ಕಾದಂಬರಿಯನ್ನು ಓದುವಾಗ ಈ ಸಂಗತಿ ನೆನಪಾಯಿತು. ಯೂಮಿ, ಲಾಸ್ ಏಂಜಲೀಸ್ ನಗರದ ಕೊರಿಯಾಟೌನಿನಲ್ಲಿ ಹೋಟೆಲು ನಡೆಸುವ ದಂಪತಿಗಳ ಹನ್ನೊಂದು ವರ್ಷದ ಸಂಕೋಚದ ಮಗಳು. ಆಕೆ ಪರೀಕ್ಷೆ ಬರೆದು ವಿದ್ಯಾರ್ಥಿವೇತನ ಗಳಿಸಲೆಂಬುದು ಹೆತ್ತವರ ಹಂಬಲ; ಆಕೆಗೋ ವೇದಿಕೆಯೇರಿ ನಗಿಸುವ ಹುಚ್ಚು. ಹಾಸ್ಯ ಶಿಬಿರವೊಂದರಲ್ಲಿ ಯಾರೋ ತನ್ನನ್ನು ಬೇರೊಬ್ಬ ಹುಡುಗಿಯೆಂದು ಭ್ರಮಿಸಲು, ಆ ಹೆಸರಿನಲ್ಲಿಯೇ ಕುಳಿತುಬಿಡುತ್ತಾಳೆ!

ಓದುತ್ತ ನಕ್ಕೆನಾದರೂ ನನ್ನ ಮನಸ್ಸು ನಿಂತದ್ದು ಆ ತಾಯಿಯ ಬಳಿ. ಆಕೆಯಂಥವರ ಕಟ್ಟುನಿಟ್ಟಿಗೊಂದು ಚರಿತ್ರೆಯಿದೆ. 1924ರ ಕಾಯಿದೆಯು ಏಷ್ಯದವರಿಗೆ ಹೆಚ್ಚುಕಡಿಮೆ ಬಾಗಿಲನ್ನೇ ಮುಚ್ಚಿತ್ತು. 1965ರ ಕಾಯಿದೆಯು ರಾಷ್ಟ್ರವಾರು ಕೋಟಾ ಪದ್ಧತಿಯನ್ನು ಕೈಬಿಟ್ಟ ಬಳಿಕ ಕೊರಿಯನ್ನರೂ ಬಂದರು, ನಾವೂ ಬಂದೆವು. ತಾಯ್ನಾಡಿನಲ್ಲಿ ಪದವಿ ಪಡೆದಿದ್ದ ಅನೇಕ ಕೊರಿಯನ್ನರು ಇಂಗ್ಲಿಷಿನ ತೊಡಕಿನಿಂದಾಗಿ ದಿನಸಿ ಅಂಗಡಿ, ಹೋಟೆಲುಗಳನ್ನು ಆಶ್ರಯಿಸಿದರು. 1992ರ ಏಪ್ರಿಲ್ 29ರಂದು ಲಾಸ್ ಏಂಜಲೀಸಿನಲ್ಲಿ ಭುಗಿಲೆದ್ದ ಗಲಭೆಯಲ್ಲಿ ಅಂತಹ ಎರಡು ಸಾವಿರಕ್ಕೂ ಮಿಕ್ಕ ಮಳಿಗೆಗಳು ಲೂಟಿಗೆ, ಬೆಂಕಿಗೆ ತುತ್ತಾದವು. ಆ ಬೀದಿಗಳಲ್ಲಿ ಬಾಳಿದವರು ಮಗಳಿಗೆ ಭದ್ರವಾದ ಉದ್ಯೋಗ ದೊರೆಯಲೆಂದು ಬಯಸಿದರೆ ಅವರನ್ನು ಅರಸಿಕರೆನ್ನಲು ನಾನು ಸಿದ್ಧಳಿಲ್ಲ.

ಯೂಮಿಗಿಂತ ಬಹು ಮೊದಲೇ ಈ ಹಾದಿ ತುಳಿದವರು ಮಾರ್ಗರೆಟ್ ಚೋ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ಅವರ ತಂದೆತಾಯಿಗಳದು ಪುಸ್ತಕದ ಅಂಗಡಿ. 1994ರಲ್ಲಿ ಅವರು ನಾಯಕಿಯಾದ 'ಆಲ್-ಅಮೆರಿಕನ್ ಗರ್ಲ್' ಎಂಬ ಕೊರಿಯನ್ ಕುಟುಂಬದ ದೂರದರ್ಶನ ಧಾರಾವಾಹಿಯು ವರ್ಷ ತುಂಬುವ ಮೊದಲೇ ನಿಂತುಹೋಯಿತು. ಆದರೂ ಬಳಿಕ ಒಬ್ಬರೇ ವೇದಿಕೆಯೇರಿದರು. ಅಲ್ಲಿ ಅವರಿಗೆ ಹೆಸರು ತಂದವುಗಳಲ್ಲಿ ಮುಖ್ಯವಾದುದು ಸ್ವಂತ ತಾಯಿಯ ಉಚ್ಚಾರಣೆಯ ಅನುಕರಣೆ. ಸಭಿಕರು ನಕ್ಕದ್ದು ಮಗಳ ಪ್ರತಿಭೆಗೋ, ತಾಯಿಯ ನುಡಿಗೋ? ಬಿಡಿಸಿ ಹೇಳುವುದು ಕಷ್ಟ.

ಇಲ್ಲಿ ನಮ್ಮ ಟಿ.ಪಿ. ಕೈಲಾಸಂ ನೆನಪಾಗದಿರರು. ನ್ಯಾಯಾಧೀಶರ ಮಗನಾದ ಅವರು ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದು, ಸರಕಾರಿ ನೌಕರಿಯನ್ನು ತೊರೆದು ಪ್ರಹಸನಗಳಿಗೆ ಒಲಿದವರು. ಹೆತ್ತವರ ಸಂಕಟ ಅಂದೂ ಇದ್ದಿರಬೇಕು! ಆದರೆ ವ್ಯತ್ಯಾಸವೊಂದುಂಟು. ಅವರ ನಾಟಕಗಳಲ್ಲಿ ಇಂಗ್ಲಿಷ್ ಬೆರೆಸಿದ ಕನ್ನಡವನ್ನಾಡಿ ನಗೆಗೀಡಾಗುವವರು ಇಂಗ್ಲಿಷ್ ಕಲಿತ ಜಾಣರು. ಇಲ್ಲಿ ನಗೆಗೀಡಾಗುವುದು ತಡವಾಗಿ ಇಂಗ್ಲಿಷ್ ಕಲಿತ ತಾಯಿ.