ಜೇನುನೊಣಗಳ ರೋಗ ನಿಯಂತ್ರಣಕ್ಕೆ ಮಾರ್ಪಡಿಸಿದ ಬ್ಯಾಕ್ಟೀರಿಯಾ: ಜೇನು ಕೃಷಿಕರಿಗೆ ಮಾಹಿತಿ

ಜೇನುನೊಣದ ಕರುಳಿನಲ್ಲಿ ಸ್ವಾಭಾವಿಕವಾಗಿ ವಾಸಿಸುವ ಬ್ಯಾಕ್ಟೀರಿಯಾವನ್ನು ಮಾರ್ಪಡಿಸಿ, ಅದರ ಮೂಲಕವೇ ನೊಣಗಳಿಗೆ ರೋಗದಿಂದ ರಕ್ಷಣೆ ಒದಗಿಸುವ ವಿಧಾನವನ್ನು ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದ ಶಾನ್ ಲಿಯೊನಾರ್ಡ್, ಜೆಫ್ರಿ ಬ್ಯಾರಿಕ್, ನ್ಯಾನ್ಸಿ ಮೊರಾನ್ ಹಾಗೂ ಸಹೋದ್ಯೋಗಿಗಳು 2020ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿರುತ್ತಾರೆ.

ಸದರಿ ಬ್ಯಾಕ್ಟೀರಿಯಾದ ಹೆಸರು ಸ್ನಾಡ್‌ಗ್ರಾಸೆಲ್ಲಾ ಆಲ್ವಿ. ಕೋಶದಿಂದ ಹೊರಬಂದ ಹೊಸ ನೊಣದ ಕರುಳಿನಲ್ಲಿ ಇದು ಬಹುಮಟ್ಟಿಗೆ ಇರುವುದಿಲ್ಲ. ಗೂಡಿನ ಇತರ ನೊಣಗಳ ಸಂಪರ್ಕದಿಂದ ಕೆಲವೇ ದಿನಗಳಲ್ಲಿ ಬಂದು ನೆಲೆಸುತ್ತದೆ. ವಿಜ್ಞಾನಿಗಳು ಇದಕ್ಕೆ ದ್ವಿ-ಎಳೆ ಆರ್‌ಎನ್‌ಎ ಎಂಬ ಅಣುವನ್ನು ತಯಾರಿಸುವ ಸೂಚನೆಯನ್ನು ಸೇರಿಸಿದರು. ಈ ಅಣುವು ಯಾವ ವೈರಾಣುವಿನ ಅನುವಂಶಿಕ ಬರಹವನ್ನು ಹೋಲುತ್ತದೆಯೋ ಆ ವೈರಾಣುವನ್ನು ನೊಣದ ದೇಹವೇ ಗುರುತಿಸಿ ತುಂಡರಿಸುತ್ತದೆ. ಇದೇ ಅಣುವನ್ನು ಹೊರಗಿನಿಂದ ತಯಾರಿಸಿ ಉಣಿಸುವುದಾದಲ್ಲಿ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಳಗಿದ್ದೇ ಒದಗಿಸುತ್ತಿರುತ್ತದೆ.

ಪ್ರಯೋಗವನ್ನು ಮೆಲ್ಲಿಫೆರಾ ಜೇನುನೊಣಗಳ ಮೇಲೆ ನಡೆಸಲಾಯಿತು. ರೆಕ್ಕೆ ವಿರೂಪಗೊಳಿಸುವ ವೈರಾಣುವನ್ನು ಚುಚ್ಚಿದ ನೊಣಗಳ ಪೈಕಿ ಸಂಬಂಧಿತ ಬ್ಯಾಕ್ಟೀರಿಯಾ ಪಡೆದವು 10ನೇ ದಿನದವರೆಗೆ ಬದುಕುವ ಸಂಭವ ಶೇ. 36.5ರಷ್ಟು ಅಧಿಕವಾಗಿತ್ತು. ನೊಣದ ರಕ್ಷಣಾ ಅಣುಗಳು ಅದರ ದೇಹವನ್ನು ಹೀರುವ ವಾರೋವಾ ನುಸಿಗೂ ಸೇರುವುದರಿಂದ, ನುಸಿಯನ್ನೇ ಗುರಿಯಾಗಿಸಿದ ಬ್ಯಾಕ್ಟೀರಿಯಾವನ್ನು ಪಡೆದ ನೊಣಗಳ ಮೇಲಿನ ನುಸಿಗಳು 10ನೇ ದಿನದೊಳಗೆ ಸಾಯುವ ಸಂಭವ ಸುಮಾರು ಶೇ. 70ರಷ್ಟು ಹೆಚ್ಚಿತು. ಆದರೆ ಇವು ಪ್ರಯೋಗಾಲಯದ ಸಣ್ಣ ಬಟ್ಟಲುಗಳಲ್ಲಿ, ಸಣ್ಣ ಗುಂಪುಗಳ ಮೇಲೆ ದೊರೆತ ಅಂಕಿಗಳು. ಸಾವಿರಾರು ನೊಣಗಳ ಪೆಟ್ಟಿಗೆಗೆ ನೇರವಾಗಿ ಅನ್ವಯಿಸತಕ್ಕವಲ್ಲ. 2023ರಲ್ಲಿ ಚೀನಾದ ವಿಜ್ಞಾನಿಗಳು ನೊಸೆಮಾ ಎಂಬ ಕರುಳಿನ ಪರಾವಲಂಬಿಯ ವಿರುದ್ಧವೂ ಇಂತಹುದೇ ಫಲಿತಾಂಶ ಪ್ರಕಟಿಸಿರುತ್ತಾರೆ.

ಕರ್ನಾಟಕದ ಜೇನು ಕೃಷಿಕರಿಗೆ 1990ರ ದಶಕದ ಆರಂಭದ ಥಾಯ್ ಸ್ಯಾಕ್‌ಬ್ರೂಡ್ ರೋಗವು ಮರೆಯುವಂತಹುದಲ್ಲ. ಕೊಡಗು ಮೊದಲಾದ ಮಲೆನಾಡು ಪ್ರದೇಶಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದವು. ಆದ್ದರಿಂದ ಹೊಸ ವಿಧಾನವು ಈ ರೋಗಕ್ಕೂ ಉಪಯುಕ್ತವೇ ಎಂಬ ಪ್ರಶ್ನೆ ಸಹಜ. ಸ್ಯಾಕ್‌ಬ್ರೂಡ್ ಸಾಯಿಸುವುದು ಮರಿಹುಳುಗಳನ್ನು. ಸ್ನಾಡ್‌ಗ್ರಾಸೆಲ್ಲಾ ನೆಲೆಸುವುದು ಬೆಳೆದ ನೊಣದ ಕರುಳಿನಲ್ಲಿ. ತುಡುವೆಯು ವಾರೋವಾ ನುಸಿಯನ್ನು ತಾನೇ ಬಹುಮಟ್ಟಿಗೆ ಸಹಿಸಿಕೊಳ್ಳುವುದರಿಂದ ಆ ಪ್ರಯೋಜನವೂ ಮುಖ್ಯವಾಗಿ ಮೆಲ್ಲಿಫೆರಾ ಸಾಕಣೆದಾರರಿಗೇ ಸೀಮಿತ.

ಮಾರ್ಪಡಿಸಿದ ಸೂಕ್ಷ್ಮಜೀವಿಗಳ ಆಮದು, ತಯಾರಿಕೆ ಹಾಗೂ ಬಳಕೆಯು ಪರಿಸರ (ಸಂರಕ್ಷಣೆ) ಅಧಿನಿಯಮ 1986ರ ಅಡಿ ರಚಿಸಲಾದ 1989ರ ನಿಯಮಗಳಿಗೆ ಒಳಪಟ್ಟಿರುತ್ತದೆ. ಪರಿಸರಕ್ಕೆ ಬಿಡುಗಡೆ ಮಾಡಲು ಜೆನೆಟಿಕ್ ಇಂಜಿನಿಯರಿಂಗ್ ಅಪ್ರೈಸಲ್ ಕಮಿಟಿಯ ಅನುಮೋದನೆ ಕಡ್ಡಾಯ. ನೊಣಗಳು ಬೇಲಿ ನೋಡಿ ಹಾರುವುದಿಲ್ಲವಾದ್ದರಿಂದ ಈ ನಿರ್ಬಂಧ ಅನಗತ್ಯವೆನ್ನಲಾಗದು. ಇಂತಹ ಬ್ಯಾಕ್ಟೀರಿಯಾ ಎಂದು ಹೇಳಿ ಯಾರಾದರೂ ಪುಡಿ ಅಥವಾ ದ್ರಾವಣ ಮಾರಲು ಬಂದಲ್ಲಿ ಅನುಮೋದನೆ ಪತ್ರವನ್ನು ಕೇಳಿ ಪಡೆಯತಕ್ಕದ್ದು.

ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಕೋಶದಲ್ಲಿ ಸತ್ತಿರುವುದು ಕಂಡುಬಂದಲ್ಲಿ ಆ ಪೆಟ್ಟಿಗೆಯ ಎರಿಗಳನ್ನು ಬೇರೆ ಪೆಟ್ಟಿಗೆಗೆ ವರ್ಗಾಯಿಸಬಾರದು. ಉಪಕರಣಗಳನ್ನು ಶುಚಿಗೊಳಿಸಿ, ಕುಟುಂಬವನ್ನು ಪ್ರತ್ಯೇಕವಾಗಿರಿಸಿ, ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಕೂಡಲೇ ತಿಳಿಸತಕ್ಕದ್ದು.